ಕೊಕ್ಕೆಹುಳುವಿನ ವಂಶಲಿಪಿಯೂ ತೋಟದ ಮಣ್ಣೂ

ಬರಿಗಾಲಿನಿಂದ ಹಸಿಮಣ್ಣನ್ನು ತುಳಿದು ದುಡಿಯುವವರನ್ನು ಹಿಡಿಯತಕ್ಕ ವ್ಯಾಧಿಗಳಲ್ಲಿ ಕೊಕ್ಕೆಹುಳುವಿನ ಉಪದ್ರವವು ಒಂದು. ಈ ಹುಳುಗಳಲ್ಲಿ ನೆಕೇಟರ್ ಅಮೆರಿಕಾನಸ್ ಎಂಬ ಜಾತಿಯ ಜೀನೋಮನ್ನು, ಎಂದರೆ ಅದರ ವಂಶಗುಣಗಳೆಲ್ಲವೂ ಅಡಗಿರುವ ಲಿಪಿಯನ್ನು, ವಿಜ್ಞಾನಿಗಳು ಬಹುಮಟ್ಟಿಗೆ ಓದಿ 2014ನೆಯ ಇಸವಿಯಲ್ಲಿ ಪ್ರಕಟಿಸಿದರು. ಅಮೆರಿಕದ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಈ ಕಾರ್ಯದಲ್ಲಿ ಮುಂದಾಳುಗಳು. ಆ ಲಿಪಿಯ ಅಕ್ಷರಗಳು ಸುಮಾರು 24 ಕೋಟಿ. ಅದರಲ್ಲಿ ಗುರುತಿಸಲ್ಪಟ್ಟ ಜೀನುಗಳು 19,000ಕ್ಕೆ ಮೇಲ್ಪಟ್ಟಿವೆ.

ಇದರಿಂದ ಬೇಸಾಯಗಾರನಿಗೆ ಏನು ಫಲವೆಂದು ಕೇಳುವವರುಂಟು. ಫಲವಿಲ್ಲದೆ ಇಲ್ಲ. ಕರುಳನ್ನು ಕಚ್ಚಿ ರಕ್ತವನ್ನು ಹೀರುವಾಗ ಅದು ಹೆಪ್ಪುಗಟ್ಟದಂತೆ ಹುಳುವು ಸುರಿಸುವ ದ್ರವ್ಯಗಳಾವುವು, ದೇಹದ ರಕ್ಷಣಾಶಕ್ತಿಯನ್ನು ಅದು ವಂಚಿಸುವ ಬಗೆ ಯಾವುದು, ಎಂಬುದನ್ನು ಈ ಲಿಪಿಯ ಆಧಾರದಿಂದ ಹುಡುಕಬಹುದು. ಹೊಸ ಔಷಧಗಳಿಗೆ ಗುರಿಯೂ ಅಲ್ಲಿಯೇ ದೊರೆಯತಕ್ಕದ್ದು. ಈಗ ವಿಶೇಷವಾಗಿ ಬಳಕೆಯಲ್ಲಿರುವ ಆಲ್ಬೆಂಡಜೋಲ್, ಮೆಬೆಂಡಜೋಲ್ ಎಂಬ ಔಷಧಗಳೆರಡೂ ಒಂದೇ ವರ್ಗದವು. ಒಂದನ್ನು ತಾಳಿಕೊಂಡ ಹುಳು ಮತ್ತೊಂದನ್ನೂ ತಾಳಿಕೊಂಡೀತು. ಕುರಿಗಳ ಹೊಟ್ಟೆಯ ಹುಳುಗಳಲ್ಲಿ ಇದೇ ವರ್ಗದ ಔಷಧಗಳು ಎಷ್ಟೋ ಕಡೆ ನಿಷ್ಫಲವಾಗಿವೆ.

ಆದಾಗ್ಯೂ ಲಿಪಿಯನ್ನು ಓದಿದ ಮಾತ್ರಕ್ಕೆ ತೋಟದ ಮಣ್ಣು ಶುದ್ಧವಾಗದು. ಒಂದೊಂದು ಹೆಣ್ಣುಹುಳುವೂ ದಿನಕ್ಕೆ ಸಾವಿರಾರು ಮೊಟ್ಟೆಗಳನ್ನಿಡುವುದು. ಅವು ಮಲದೊಡನೆ ಹೊರಬಿದ್ದು, ನೆರಳೂ ತೇವವೂ ಉಳ್ಳ ಮಣ್ಣಿನಲ್ಲಿ ಒಂದೆರಡು ದಿನಗಳೊಳಗೆ ಒಡೆಯುವುವು. 5ರಿಂದ 10 ದಿನಗಳಲ್ಲಿ ಮರಿಗಳು ಚರ್ಮವನ್ನು ಕೊರೆಯಬಲ್ಲವಾಗಿ, ತಕ್ಕ ನೆಲದಲ್ಲಿ 3-4 ವಾರ ಕಾದಿರಬಲ್ಲವು. ಕಾಲಿನ ಮೂಲಕ ಹೊಕ್ಕ ಮರಿಯು ರಕ್ತದೊಡನೆ ಶ್ವಾಸಕೋಶವನ್ನು ಸೇರಿ, ಗಂಟಲಿಗೇರಿ, ನುಂಗಲ್ಪಟ್ಟು ಕರುಳಿನಲ್ಲಿ ನೆಲಸುವುದು. ಹೀಗೆ ರಕ್ತಹೀನನಾಗಿ ಬೇಗ ದಣಿಯುವ ಆಳನ್ನು ಸೋಮಾರಿಯೆಂದು ಜರೆಯುವ ಧಣಿಗಳು ಇಲ್ಲದಿಲ್ಲ. ಇದು ಶುದ್ಧ ಅನ್ಯಾಯ.

ಮಾತ್ರೆ ಕೊಡಿಸಿದೊಡನೆ ಹೊಣೆ ತೀರಿತೆಂದು ಎಣಿಸುವುದೂ ಸರಿಯಲ್ಲ. ಹುಳು ಬಿದ್ದವನು ಅದೇ ನೆಲವನ್ನು ಬರಿಗಾಲಿನಿಂದ ತುಳಿದರೆ ಪುನಃ ಅಂಟುವುದು. 2015ರಿಂದ ನಡೆದುಬಂದಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಲ್ಲಿ ಮಾತ್ರೆ ದೊರೆಯುವುದು ಮುಖ್ಯವಾಗಿ ಮಕ್ಕಳಿಗೂ ಎಳೆಯರಿಗೂ. ಹೊಲದಲ್ಲಿ ದುಡಿಯುವ ವಯಸ್ಕರು ಬಹುಮಟ್ಟಿಗೆ ಅದರ ಹೊರಗೇ ಉಳಿಯುವರು. ಇವರಿಗೆ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆಯಾಗುವಂತೆ ಮಾಡಲು ಗ್ರಾಮದ ಮುಖಂಡರೇ ಮುಂದಾಗಬೇಕು.

ಮನೆಮನೆಗೆ ಕಕ್ಕಸು ಆಯಿತೆಂದು ಹೇಳುವ ಊರುಗಳಲ್ಲಿಯೂ, ಕೆಲಸದ ನಡುವೆ ದೂರದ ತೋಟದಿಂದ ಮನೆಗೆ ಯಾರು ತಾನೆ ನಡೆದುಬಂದಾರು? ಆದಕಾರಣ ಹತ್ತಾರು ಆಳುಗಳು ಕೂಡಿ ದುಡಿಯುವ ಜಮೀನಿನಲ್ಲಿ, ಬಾವಿಗೆ ದೂರವಾಗಿ, ಮಳೆಯ ನೀರು ನುಗ್ಗದ ಎತ್ತರದ ಎಡೆಯಲ್ಲಿ ಕಕ್ಕಸನ್ನು ಕಟ್ಟಿಸುವುದೂ, ಆಳುಗಳ ಕಾಲಿಗೆ ಮೆಟ್ಟುಗಳನ್ನು ಒದಗಿಸುವುದೂ ಜಮೀನುದಾರರ ಸ್ವಂತ ಖರ್ಚಿನಿಂದಲೇ ಮುಂದಿನ ಮಳೆಗಾಲಕ್ಕೆ ಮೊದಲು ಆಗತಕ್ಕ ಕೆಲಸ.