ಫ್ರಾನ್ಸ್ ಸಂಬಳ ಕೊಡುತ್ತೆ, ಸುದ್ದಿ ಕೊಡೋರು ಯಾರು?

ವಿದೇಶಕ್ಕೆ ಹೋಗಿ ವಿಜ್ಞಾನ ಓದೋದು ದುಡ್ಡಿದ್ದವರ ಕೆಲಸ ಅಂತ ನಮ್ಮ ಮಕ್ಕಳಿಗೆ ಹೇಳಿಕೊಂಡೇ ಬಂದಿದ್ದಾರೆ. ಇದು ಸುಳ್ಳು. ಫ್ರಾನ್ಸಿನ ಲೆಕ್ಕ ನೋಡಿ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಡಾಕ್ಟರೇಟಿನ ನೋಂದಣಿ ಶುಲ್ಕ ವರ್ಷಕ್ಕೆ 400 ಯೂರೋ ಒಳಗೆ. 2019ರಲ್ಲಿ ಯೂರೋಪಿನ ಹೊರಗಿನವರಿಗೆ ಬಿಎಸ್ಸಿ, ಎಂಎಸ್ಸಿ ಮಟ್ಟದ ಫೀಜು ಏರಿಸಿದಾಗಲೂ ಡಾಕ್ಟರೇಟಿನವರನ್ನು ಮುಟ್ಟಲಿಲ್ಲ. ಕರಾರಿನ ಮೇಲೆ ಸೇರಿದ ಸಂಶೋಧಕ ಅಲ್ಲಿ ಕೆಲಸಗಾರ: 3 ವರ್ಷದ ಕರಾರು, ತಿಂಗಳ ಸಂಬಳ. 2025ರಲ್ಲಿ ಆ ಕರಾರಿನ ಕನಿಷ್ಠ ಸಂಬಳ, ಕಡಿತಕ್ಕೆ ಮುಂಚೆ, 2,200 ಯೂರೋ. ಭೌತವಿಜ್ಞಾನ, ರಸಾಯನ, ಗಣಿತ, ನೀರು, ಮಣ್ಣು ಎಲ್ಲಕ್ಕೂ ಜಾಗಗಳು ಪ್ರಕಟವಾಗುತ್ತವೆ.

ಪ್ರಕಟವಾಗುತ್ತವೆ, ಸರಿ. ಯಾರ ಕಣ್ಣಿಗೆ?

ಮಲ್ಲೇಶ್ವರ, ಬಸವನಗುಡಿಯ ಮನೆಗಳಲ್ಲಿ ಈ ಸುದ್ದಿ ಕಾಫಿ ಜೊತೆಗೇ ಸಿಗುತ್ತೆ. ದೊಡ್ಡಪ್ಪನೋ ಸೋದರಮಾವನೋ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಇರ್ತಾನೆ. ಯಾವ ಪ್ರೊಫೆಸರಿಗೆ ಯಾವಾಗ ಬರೀಬೇಕು, ಶಿಫಾರಸು ಪತ್ರ ಯಾರಿಂದ ತರಬೇಕು ಅಂತ ಹೇಳ್ತಾನೆ. ಇದರ ಹೆಸರು ಮೆರಿಟ್ಟು! ಇಲ್ಲಿ ನಮ್ಮ ಉಪ್ಪಾರಪೇಟೆಯ ಲಾಡ್ಜುಗಳಲ್ಲಿ ಹಾಸಿಗೆ ಕೊಡವೋರ, ಮೆಜೆಸ್ಟಿಕ್ಕಿನಲ್ಲಿ ಮೂಟೆ ಹೊರೋರ ಮಕ್ಕಳು ಬಿದ್ದೂ ಎದ್ದೂ ಎಂಎಸ್ಸಿ ಮುಗಿಸಿದರೆ ಸಿಗೋ ಸಲಹೆ ಒಂದೇ: ‘ಯಾವುದಾದ್ರೂ ಕೆಲಸಕ್ಕೆ ಸೇರ್ಕೊಳ್ಳಪ್ಪ.’

ಉಪ್ಪಾರ ಅನ್ನೋ ಹೆಸರನ್ನೇ ನೋಡಿ. ಚೌಳು ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಬತ್ತಿಸಿ ಉಪ್ಪು ತೆಗೆದ ಜನ ಅವರು. ಅದು ರಸಾಯನಶಾಸ್ತ್ರ ಅಲ್ಲದೆ ಇನ್ನೇನು? ಕೈಯಲ್ಲಿ ಮಾಡಿದವನಿಗೆ ಜಾತಿ ಅಂಟಿತು, ಪುಸ್ತಕದಲ್ಲಿ ಓದಿದವನಿಗೆ ಪದವಿ ಸಿಕ್ಕಿತು.

ಫ್ರಾನ್ಸಿನ ವಿಜ್ಞಾನ ನಮ್ಮ ನೆಲಕ್ಕೆ ಹೊಸದೂ ಅಲ್ಲ. 2001ರಲ್ಲಿ ಅದೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಭಾರತ–ಫ್ರಾನ್ಸ್ ಜಲವಿಜ್ಞಾನ ಘಟಕ ಶುರುವಾಯಿತು. ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಸುತ್ತಿನ ಹೊಲಗಳಲ್ಲಿ ಬೋರ್‌ವೆಲ್ಲಿನ ನೀರಿನ ಮಟ್ಟ, ಮಣ್ಣಿನ ತೇವ ಅಳೆದರು. ಪಂಪು ಎಳೆದಷ್ಟೂ ನೀರು ಹೇಗೆ ಪಾತಾಳಕ್ಕೆ ಇಳಿಯುತ್ತೆ ಅಂತ ಬರೆದರು, ಡಾಕ್ಟರೇಟುಗಳೂ ಆದವು. ಒಳ್ಳೇ ಕೆಲಸ, ನಮ್ಮ ತಕರಾರಿಲ್ಲ. ಆ ಬಾವಿಗಳ ಲೆಕ್ಕ ಟೂಲೂಸ್ ನಗರದವರೆಗೆ ಹೋಯಿತು. ಆ ಹೊಲದಲ್ಲಿ ಕಳೆ ಕೀಳೋ ಹೆಂಗಸಿನ ಮಗಳು ಅಲ್ಲಿಗೆ ಹೋಗೋದು ಯಾವಾಗ? ನೀರು ಇಳಿದರೆ ಮೊದಲು ಕೂಲಿ ತಪ್ಪೋದು ಅವಳ ಅವ್ವನಿಗೆ. ಆ ಪ್ರಶ್ನೆಯನ್ನು ಅವಳಷ್ಟು ಗಟ್ಟಿಯಾಗಿ ಕೇಳೋರು ಯಾರಿದ್ದಾರೆ?

ಸರ್ಕಾರದವರು ಕೂಡಲೇ ಯೋಜನೆಗಳ ಪಟ್ಟಿ ಓದುತ್ತಾರೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಇಡೀ ದೇಶಕ್ಕೆ 125 ಜಾಗ. ಅದೂ ವಿಶ್ವ ಶ್ರೇಯಾಂಕದ ಮೊದಲ 500ರೊಳಗಿನ ಸಂಸ್ಥೆ ಆಗಬೇಕಂತೆ. 2025ರಲ್ಲಿ ಆಯ್ಕೆಯಾದವರು 106. ಜುಲೈನಲ್ಲಿ ಮೊದಲು ಪತ್ರ ಕೊಟ್ಟದ್ದು 40 ಮಂದಿಗೆ. ಉಳಿದವರಿಗೆ ‘ಹಣ ಇದ್ದರೆ’ ಅಂದರು. 1913ರಲ್ಲಿ ಬಾಬಾಸಾಹೇಬರು ಕೊಲಂಬಿಯಾಕ್ಕೆ ಹೋದದ್ದು ಬರೋಡ ಮಹಾರಾಜರ ಹಣದಲ್ಲಿ. ಒಬ್ಬ ರಾಜ ಕೊಟ್ಟಿದ್ದನ್ನು ಕೊಡೋಕೆ ಪ್ರಜಾಪ್ರಭುತ್ವ ‘ಇದ್ದರೆ’ ಅನ್ನುತ್ತಾ?

ನಾವು ಭಿಕ್ಷೆ ಕೇಳುತ್ತಿಲ್ಲ. ಕರಾರು ಸಿಕ್ಕವರಿಗೆ ಸಂಬಳ ಕೊಡೋದು ಫ್ರಾನ್ಸ್. ನಮ್ಮ ಸರ್ಕಾರ ವೀಸಾ, ವಿಮಾನದ ಟಿಕೆಟ್ಟು, ಮೊದಲ ಎರಡು ತಿಂಗಳ ಬಾಡಿಗೆ ಕೊಡಲಿ. ಅರ್ಜಿ ಬರೆಯೋದನ್ನು ಕಲಿಸೋಕೆ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿಗೆ ಸಂಶೋಧಕರನ್ನು ಕಳಿಸಲಿ. ಅಲ್ಲಿ ಬಹಳಷ್ಟು ಆಯ್ಕೆಗಳು ಬೇಸಿಗೆಯೊಳಗೆ ಮುಗಿದು ಅಕ್ಟೋಬರಿನ ಹೊತ್ತಿಗೆ ಕೆಲಸ ಶುರುವಾಗುತ್ತೆ. ಆದ್ದರಿಂದ ಸಂಕ್ರಾಂತಿ ಹೊತ್ತಿಗೆ ಆ ನೋಟೀಸು, ಕನ್ನಡದಲ್ಲಿ, ಪ್ರತಿ ಹಾಸ್ಟೆಲಿನ ಗೋಡೆ ಮೇಲೆ ಇರಬೇಕು.