ಮಳೆಗಾಲದಲ್ಲಿ ಕೇಬಲಿನ ಕಂದಕಗಳು

ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆಯ ಕೇಬಲನ್ನು ಮುಟ್ಟಿಸುವ ಯೋಜನೆಯು ೨೦೧೧ನೆಯ ಇಸವಿಯಲ್ಲಿ ಮಂಜೂರಾದಂದಿನಿಂದ ನಮ್ಮ ಹಳ್ಳಿಗಳ ರಸ್ತೆಯ ಬದಿಗಳಲ್ಲಿ ಕಂದಕಗಳನ್ನು ತೋಡುವುದು ಸಾಮಾನ್ಯವಾಗಿದೆ. ಕೊಳವೆ ಬಾವಿಯ ಪಂಪಿಗೆ ನೆಲದೊಳಗಿನಿಂದ ವಿದ್ಯುತ್ ಕೇಬಲ್ ಹಾಯಿಸುವ ಜಮೀನುದಾರರೂ ಅನೇಕರುಂಟು. ಈ ಕೆಲಸಗಳಿಂದ ಆಗುವ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮುಂಗಾರು ಹಿಡಿದ ಮೇಲೆ ಅವುಗಳನ್ನು ನಡೆಸುವ ರೀತಿಯು ತೃಪ್ತಿಕರವಾಗಿಲ್ಲವೆಂದು ಹೇಳದೆ ವಿಧಿಯಿಲ್ಲ. ಒಂದು ದಿನದಲ್ಲಿ ಕೇಬಲನ್ನಿಟ್ಟು ಮುಚ್ಚಲಾಗುವುದಕ್ಕಿಂತ ಹೆಚ್ಚು ಉದ್ದವನ್ನು ಮಳೆಗಾಲದಲ್ಲಿ ಅಗೆಯುವುದಕ್ಕೆ ಗ್ರಾಮದ ಮುಖಂಡರು ಒಪ್ಪಕೂಡದೆಂಬುದು ನಮ್ಮ ಅಭಿಪ್ರಾಯ.

ಹೀಗೆ ಹೇಳುವುದಕ್ಕೆ ಕಾರಣವುಂಟು. ಗಾಜಿನ ಎಳೆಯ ಕೇಬಲಿಗೆ ಸಾಧಾರಣ ಮಣ್ಣಿನಲ್ಲಿ ೧.೬೫ ಮೀಟರು, ಅಂದರೆ ಹೆಚ್ಚುಕಡಿಮೆ ಐದೂವರೆ ಅಡಿ ಆಳವನ್ನು ಗೊತ್ತುಮಾಡಿದ್ದಾರೆ. ಅದರೊಳಗಿಳಿದು ಬಗ್ಗಿದ ಕೂಲಿಯವನ ತಲೆಯು ನೆಲದ ಮಟ್ಟಕ್ಕಿಂತ ಬಹಳ ಕೆಳಗಿರುತ್ತದೆ. ಮರಳುಮಿಶ್ರವಾದ ಕೆಮ್ಮಣ್ಣು ನೆನೆದೊಡನೆ ಸಡಿಲಿ ಜಾರುವುದು. ಅದನ್ನು ಕಣ್ಣಾರೆ ಕಾಣಬಹುದು. ಎರೆಮಣ್ಣಿನ ವರ್ತನೆಯೇ ಬೇರೆ. ಬೇಸಗೆಯಲ್ಲಿ ಬಾಯ್ಬಿಟ್ಟ ಬಿರುಕುಗಳೊಳಕ್ಕೆ ಮಳೆಯ ನೀರಿಳಿದು, ಮಣ್ಣು ಉಬ್ಬಿ, ಗೋಡೆಗೆ ಗೋಡೆಯೇ ಹಲಗೆಯಂತೆ ಒಮ್ಮೆಲೆ ಬೀಳುತ್ತದೆ. ಒಂದು ಘನ ಮೀಟರು ಒದ್ದೆ ಮಣ್ಣು ಸುಮಾರು ೧೮೦೦ ಕಿಲೋಗ್ರಾಮು ತೂಗುವುದು. ಅಂಥ ಭಾರದಲ್ಲಿ ಎದೆಯವರೆಗೆ ಹೂತವನು, ಮುಖವು ಹೊರಗಿದ್ದರೂ, ಉಸಿರಾಡಲಾರನು. ಆದುದರಿಂದ ಸೊಂಟಕ್ಕೆ ಮೀರಿದ ಆಳದಲ್ಲಿ ಎರಡು ಕಡೆಯೂ ಹಲಗೆಯಿಟ್ಟು ಅಡ್ಡತೊಲೆಗಳ ಆನಿಕೆ ಕೊಡದೆ, ಇಲ್ಲವೆ ಗೋಡೆಗಳನ್ನು ಓರೆಯಾಗಿ ಕಡಿಯದೆ, ಯಾರನ್ನೂ ಇಳಿಸತಕ್ಕದ್ದಲ್ಲ. ಅಗೆದ ಮಣ್ಣನ್ನು ಅಂಚಿನಲ್ಲೇ ಗುಡ್ಡೆಹಾಕುವ ಅಭ್ಯಾಸವೂ ಕೆಟ್ಟದ್ದು. ಅಂಚಿನಿಂದ ಒಂದು ಮೀಟರಾದರೂ ಬಿಟ್ಟು, ಇಳಿಜಾರಿನ ಮೇಲುಗಡೆಯಲ್ಲಿ ಅದನ್ನು ಏರಿಯಂತೆ ಹಾಕಿ, ಅದರಾಚೆಗೆ ಚಿಕ್ಕ ಕಾಲುವೆ ತೆಗೆದರೆ ಮೇಲಿನ ಹೊಲದ ನೀರು ಕಂದಕಕ್ಕೆ ನುಗ್ಗದು. ಉಳುವ ಮೇಲ್ಮಣ್ಣನ್ನು ಮಾತ್ರ ಬೇರೆ ಇಟ್ಟುಕೊಂಡು ಕೊನೆಯಲ್ಲಿ ಮೇಲಕ್ಕೇ ಹರಡಬೇಕು. ಇಲ್ಲದಿದ್ದರೆ ಆ ಸಾಲಿನಲ್ಲಿ ಕೆಲವು ವರ್ಷ ಪೈರು ಸೊರಗುವುದು.

ಅಗೆತವನ್ನು ತಗ್ಗಿನ ತುದಿಯಿಂದ ಆರಂಭಿಸಿ ಮೇಲಕ್ಕೆ ಸಾಗಿಸಿದರೆ ಬಿದ್ದ ನೀರು ತಾನಾಗಿ ಹರಿದುಹೋಗುವುದು. ಹೊರದಾರಿಯಿಲ್ಲದ ಕಡೆ ತುದಿಯಲ್ಲಿ ಒಂದು ಗುಂಡಿ ತೋಡಿ ನೀರನ್ನು ಎತ್ತಿಹಾಕಬೇಕು, ನೆರೆಯವನ ಸಸಿಮಡಿಗಲ್ಲ.

ಕಂದಕವನ್ನು ಮುಚ್ಚಿದೊಡನೆ ಅಪಾಯವು ತೀರಿತೆಂದು ಭಾವಿಸುವವರೇ ಹೆಚ್ಚು. ವಾಸ್ತವವಾಗಿ ಜಮೀನಿಗೆ ಕೇಡು ಆಗ ಮೊದಲಾಗುತ್ತದೆ. ವಿದ್ಯುತ್ ಕೇಬಲಿನ ಸುತ್ತ ಮರಳನ್ನು ಹಾಸುವುದು ವಾಡಿಕೆ. ಇಳಿಜಾರಿನಲ್ಲಿ ಈ ಮರಳಿನ ಸಾಲೇ ನೆಲದೊಳಗಿನ ಕೊಳವೆಯಾಗಿ ನೀರನ್ನೆಳೆದು ಮಣ್ಣನ್ನು ಕೊಚ್ಚುತ್ತದೆ. ಮೇಲೆ ಹಸುರಾಗಿ ಕಾಣುವ ಬದು ಒಂದು ದಿನ ಕುಸಿದು ಕೂರುತ್ತದೆ. ಇದಕ್ಕೆ ಪರಿಹಾರವು ದುಬಾರಿಯಲ್ಲ. ಬದುವನ್ನು ದಾಟುವಲ್ಲೆಲ್ಲ, ಕಡಿದಾದ ಇಳಿಜಾರಿನಲ್ಲಿ ನಡುನಡುವೆಯೂ, ಮರಳನ್ನು ತಡೆದು ಹದವಾದ ಜೇಡಿಮಣ್ಣಿನ ಅಡ್ಡಗಟ್ಟೆಯನ್ನು ತಳದಿಂದಲೇ ಗಟ್ಟಿಸಬೇಕು. ಉಳಿದೆಡೆ ಕೆಸರನ್ನು ನೂಕದೆ, ಅರ್ಧ ಅಡಿಗೊಂದು ಪದರದಂತೆ ಮಣ್ಣು ತುಂಬಿ ದಿಮ್ಮಸಿನಿಂದ ಬಡಿಯತಕ್ಕದ್ದು.

ಕೆರೆಯ ಏರಿಯ ವಿಷಯದಲ್ಲಿ ಮಾತ್ರ ನಾವು ಯಾವ ರಾಜಿಗೂ ಒಪ್ಪುವವರಲ್ಲ. ದಾರಿಯು ಹತ್ತಿರವೆಂದು ಏರಿಯ ಮೇಲೆ ಕಂದಕ ಕಡಿಯಲು ಬರುವವರುಂಟು. ತುಂಬಿದ ಕೆರೆಯ ಏರಿಯಲ್ಲಿ ಸಡಿಲ ಮಣ್ಣಿನ ಒಂದು ಸೀಳು ಇದ್ದರೆ ಜಿನುಗು ನೀರಿಗೆ ಅದೇ ಹಾದಿ. ಏರಿ ಒಡೆದರೆ ಅಚ್ಚುಕಟ್ಟೇ ಹೋಗುವುದು. ಅಚ್ಚುಕಟ್ಟು ೪೦ ಹೆಕ್ಟೇರಿಗೆ ಮೀರಿ ೨೦೦೦ ಹೆಕ್ಟೇರಿನೊಳಗಿರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರಿದವು. ಆ ಇಲಾಖೆಯ ಇಂಜಿನಿಯರನ್ನು ಕರೆಸಿ ತೋರಿಸುವವರೆಗೆ ಹಾರೆ ಹಾಕಗೊಡಬಾರದು.

ತುಂಡುತುಂಡಾಗಿ ಅಗೆದರೆ ಯಂತ್ರದ ಬಾಡಿಗೆ ಏರುವುದೆಂದು ಕಂಟ್ರಾಕ್ಟರು ಹೇಳುವುದುಂಟು. ಅದು ನಿಜವೇ. ಆದರೆ ತೆರೆದ ಕಂದಕಕ್ಕೆ ಬಿದ್ದು ಕಾಲು ಮುರಿದುಕೊಂಡ ಎತ್ತಿನ ಬೆಲೆಯನ್ನು ಆ ಬಾಡಿಗೆಯ ಲೆಕ್ಕದಲ್ಲಿ ಬರೆಯುವವರಾರು? ಷರತ್ತುಗಳನ್ನೆಲ್ಲ ಒಪ್ಪಿಗೆಯ ಪತ್ರದಲ್ಲಿಯೇ ಬರೆಸಿ, ಆಮೇಲೆ ರುಜು ಹಾಕುವುದು ಉಚಿತ. ಅಕಸ್ಮಾತ್ ರಾತ್ರಿ ಕಂದಕವು ತೆರೆದೇ ಉಳಿದರೆ ಸುತ್ತ ಮುಳ್ಳುಬೇಲಿಯೂ ದೀಪವೂ ಇರಲಿ. ಮೊದಲನೆಯ ದೊಡ್ಡ ಮಳೆ ನಿಂತ ಮಾರನೆಯ ದಿನ ಜಮೀನುದಾರರು ಸಾಲಿನುದ್ದಕ್ಕೂ ನಡೆದು ನೋಡಿ, ಕುಸಿದೆಡೆಗಳನ್ನು ಟ್ರಾಕ್ಟರಿನ ಗಾಲಿ ಇಳಿಯುವ ಮೊದಲೇ ತುಂಬಿಸಿಕೊಳ್ಳತಕ್ಕದ್ದು.