ಮನೆಯ ಮಾಡಿಗೆ ಎಂತಹ ತಗಡು?

ಸಹ್ಯಾದ್ರಿಯ ಬುಡದಲ್ಲಿರುವ ಕೆರಾಡಿಯಂತಹ ಗ್ರಾಮಗಳಲ್ಲಿ ಮನೆಯ ಮಾಡೆಂಬುದು ಮಳೆಯೊಡನೆ ವರ್ಷಂಪ್ರತಿ ನಡೆಯುವ ವ್ಯಾಜ್ಯ. ಮೊದಲು ಮುಳಿಹುಲ್ಲಿನ ಹೊದಿಕೆಯಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಕ್ರಮೇಣ ಹಂಚು ಅದರ ಸ್ಥಾನವನ್ನು ಪಡೆಯಿತು. ಈಗಲಾದರೋ ಮಂಗಗಳು ಹಂಚನ್ನು ಒಡೆಯುತ್ತವೆ. ಮಾಡಿಗೆ ಕೈಯಾಡಿಸುವ ಕೆಲಸಗಾರರು ದುರ್ಲಭರು. ಪಕ್ಕಾಸಿನ ಮರ ದುಬಾರಿ. ಆದುದರಿಂದ ಗೃಹಸ್ಥರ ಮನಸ್ಸು ತಗಡಿನತ್ತ ತಿರುಗಿರುವುದು ಸಹಜವೇ. ಆದರೆ ಕೂಡಿಟ್ಟ ಹಣವನ್ನು ತೆರುವ ಮುನ್ನ ತಗಡಿನ ಜಾತಿಯನ್ನು ವಿಚಾರಿಸತಕ್ಕದ್ದು.

ಬರಿಯ ಉಕ್ಕು ನಮ್ಮ ಹವೆಯಲ್ಲಿ ಬೇಗನೆ ತುಕ್ಕು ಹಿಡಿಯುವುದರಿಂದ ಅದಕ್ಕೆ ಸತುವಿನ ಲೇಪ ಕೊಡುವರು. ರಸಶಾಸ್ತ್ರದಲ್ಲಿ ಯಶದವೆನಿಸಿಕೊಳ್ಳುವ ಈ ಲೋಹವು, ತಗಡಿನ ಮೇಲೆ ಗೀರು ಬಿದ್ದಲ್ಲಿಯೂ, ತಾನು ಮೊದಲು ಸವೆದು ಉಕ್ಕನ್ನು ಕಾಯುತ್ತದೆ. ಒಂದು ಚದರ ಮೀಟರಿಗೆ, ಎರಡು ಮೈಗೂ ಸೇರಿ, 120 ಗ್ರಾಂ ಲೇಪವುಳ್ಳದ್ದೂ ಉಂಟು, 275 ಗ್ರಾಮಿನದೂ ಉಂಟು. ಕಣ್ಣಿಗೆ ಎರಡೂ ಒಂದೇ, ಬಾಳಿಕೆ ಒಂದಲ್ಲ. ಎರಡನೆಯ ಜಾತಿಯ ಲೇಪದಲ್ಲಿ ನೂರಕ್ಕೆ 55 ಪಾಲು ಅಲ್ಯೂಮಿನಿಯಂ, ಸುಮಾರು 43 ಪಾಲು ಸತು, ಉಳಿದದ್ದು ಸಿಲಿಕಾನ್. ಇದು ಸಾಮಾನ್ಯವಾಗಿ ಬರಿಯ ಸತುವಿಗಿಂತ ದೀರ್ಘಾಯು. ಮೂರನೆಯದು ಅಲ್ಯೂಮಿನಿಯಂ ತಗಡು. ಇದಕ್ಕೆ ಕೆಂಪು ತುಕ್ಕಿಲ್ಲ. ಕಡಲ ತಡಿಯ ಮನೆಗಳಿಗೆ ಹಿತ. ಆದರೆ ಬೆಲೆ ಹೆಚ್ಚು, ಕಾಯಿ ಬಿದ್ದರೆ ತಗ್ಗಾಗುವುದು.

ಕಡಲಿನಿಂದ ದೂರವಿರುವ ಕೆರಾಡಿಯ ಕಡೆಗೆ 150 ಗ್ರಾಂ ಲೇಪದ, ಅರ್ಧ ಮಿಲಿಮೀಟರು ದಪ್ಪದ ಎರಡನೆಯ ಜಾತಿಯೇ ವಾಸದ ಮನೆಗೆ ಯೋಗ್ಯವೆಂದು ನಮ್ಮ ಅಭಿಪ್ರಾಯ. ಬಣ್ಣಕ್ಕೆ ಮರುಳಾಗದೆ ಗ್ರಾಂ ಮತ್ತು ದಪ್ಪಗಳನ್ನು ರಸೀದಿಯಲ್ಲಿ ಬರೆಯಿಸಿಕೊಳ್ಳಿರಿ. ಆದರೆ ದನದ ಹಟ್ಟಿಗೆ ಈ ಜಾತಿ ಸಲ್ಲದು. ಗಂಜಲದಿಂದೇಳುವ ಅಮೋನಿಯವು ಅಲ್ಯೂಮಿನಿಯಂ ಬೆರೆತ ಲೇಪವನ್ನು ತಿನ್ನುತ್ತದೆ. ಅಲ್ಲಿ ಹಂಚೇ ಇರಲಿ. ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು, ಅಂದರೆ ತಾಮ್ರ, ಇರುವುದರಿಂದ, ಅದು ಮಾಡಿನ ಮೇಲೆ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿಸಬೇಕು.

ಹಂಚು ತನ್ನ ಭಾರದಿಂದ ನಿಲ್ಲುತ್ತದೆ. ಹಗುರಾದ ತಗಡನ್ನು ಗಾಳಿ ಎತ್ತುತ್ತದೆ. ಆದುದರಿಂದ ಚೌಕಟ್ಟನ್ನು ಗೋಡೆಗೆ ಬಲವಾಗಿ ಬಿಗಿಯಿಸಿರಿ. ಪಡುಗಾಳಿ ನುಗ್ಗದಂತೆ ತಗಡಿನ ಮೇಲಂಚಿನ ಬಾಯಿ ಮೂಡಲಿಗಿರಲಿ. ತಿರುಪುಮೊಳೆಗೆ ರಬ್ಬರಿನ ಬಿಲ್ಲೆ ಅವಶ್ಯ. ಕೊರೆದಾಗ ಬಿದ್ದ ಉಕ್ಕಿನ ಪುಡಿಯನ್ನು ಅಂದೇ ಗುಡಿಸಬೇಕು. ಬಿಟ್ಟರೆ ಅಲ್ಲಿಂದಲೇ ತುಕ್ಕಿನ ಕಲೆ ಮೊದಲಾಗುವುದು.

ಹಳೆಯ ಪಕ್ಕಾಸು, ಹಂಚುಗಳು ಗಟ್ಟಿಯಾಗಿದ್ದರೆ ಕೀಳಿಸಬೇಡಿರಿ. ನಡುವೆ ಗಾಳಿಯಾಡುವಷ್ಟು ತೆರಪು ಬಿಟ್ಟು ಮೇಲೆ ತಗಡು ಹೊದಿಸಿದರೆ ಬೇಸಗೆಯ ಝಳವೂ ಆಷಾಢದ ಮಳೆಯ ಸದ್ದೂ ತಗ್ಗುವುವು. ವೃದ್ಧರಿಗೆ ನಿದ್ರೆಯೂ ಮಕ್ಕಳಿಗೆ ಪಾಠವೂ ಕೆಡಲಾರವು.